ಕೊಳೆತ ತತ್ತಿಯ ವಾಸನೆಯ ಗ್ಯಾಸು: ಹೈಡ್ರೋಜನ್ ಸಲ್ಫೈಡ್ ಬಗ್ಗೆ ನಮ್ಮ ಊರುಗಳಿಗೆ ಬೇಕಾದ ತಿಳಿವಳಿಕೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿನ್ನೆಯಿಂದ ಈ ವೇದಿಕೆಯಲ್ಲಿ ಶಾಲೆಯ ನೆನಪುಗಳನ್ನು ಬಹಳ ಚೆನ್ನಾಗಿ ಹೇಳಿದ್ದಾರೆ. ನನಗೆ ಸಂಘಟಕರು, ನೀವು ಡಿಸ್ಟಿಲರಿಯ ಲ್ಯಾಬಿನಲ್ಲಿಯೂ ಸುರಕ್ಷತೆ ವಿಭಾಗದಲ್ಲಿಯೂ ಇದ್ದವರು, ವಿಜ್ಞಾನದ ಬಗ್ಗೆ ಏನಾದರೂ ಹೇಳಿ ಅಂದರು. ವಿಜ್ಞಾನ ಅಂದರೆ ಆಕಾಶ, ರಾಕೆಟ್ಟು ಅಂತ ಮಕ್ಕಳು ಕಾಯುತ್ತಿರಬಹುದು. ಕ್ಷಮಿಸಬೇಕು, ನಾನು ಗಟಾರದ ಬಗ್ಗೆ, ಸಂಡಾಸದ ಗುಂಡಿಯ ಬಗ್ಗೆ, ಕಾರ್ಖಾನೆಯ ಹಿತ್ತಲಿನ ಬಗ್ಗೆ ಮಾತಾಡಲು ಬಂದಿದ್ದೇನೆ. ಅಲ್ಲಿ ಹುಟ್ಟುವ ಒಂದು ಗ್ಯಾಸಿನ ಹೆಸರು ಹೈಡ್ರೋಜನ್ ಸಲ್ಫೈಡ್. ಕಾರ್ಖಾನೆಯ ಹುಡುಗರು ಎಚ್ ಟು ಎಸ್ ಅನ್ನುತ್ತಾರೆ. ಹಳೆಯ ಪಠ್ಯಪುಸ್ತಕ ಓದಿದವರಿಗೆ ಒಂದೇ ಸಾಲು ನೆನಪಿರುತ್ತದೆ: ಬಣ್ಣವಿಲ್ಲದ, ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಜೀವ ಉಳಿಸಿಕೊಳ್ಳಲು ಸಾಲದು.

ಇದನ್ನೇ ಏಕೆ ಆರಿಸಿಕೊಂಡೆ ಅಂದರೆ, ನಮ್ಮ ಸೀಮೆ ಕಬ್ಬಿನ ಸೀಮೆ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರು, ಹಿಡಕಲ್ ಅಣೆಕಟ್ಟಿನ ಕಾಲುವೆ, ಇವುಗಳ ಮೇಲೆ ನಮ್ಮ ಬದುಕು ನಿಂತಿದೆ. ಸಂಕೇಶ್ವರ, ಬೆಲ್ಲದ ಬಾಗೇವಾಡಿ, ಹುಣಶ್ಯಾಳ, ಹೀಗೆ ಯಾವ ದಿಕ್ಕಿಗೆ ಹೋದರೂ ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣುತ್ತದೆ. ಈ ಶಾಲೆಯಲ್ಲಿ ಕಲಿತವರಲ್ಲಿ ಎಷ್ಟೋ ಜನ ಆ ಗೇಟುಗಳ ಒಳಗೆ ದುಡಿದವರು, ಈಗಲೂ ದುಡಿಯುತ್ತಿರುವವರು. ಅವರಲ್ಲಿ ಕಾಯಂ ನೌಕರರಿಗೆ ತರಬೇತಿ ಸಿಗುತ್ತದೆ. ಹಂಗಾಮಿಗೆ ಗುತ್ತಿಗೆಯ ಮೇಲೆ ಹೋಗುವ ಹುಡುಗನಿಗೆ ಒಂದು ಹೆಲ್ಮೆಟ್ ಸಿಕ್ಕರೆ ಪುಣ್ಯ. ಈ ಮಾತು ಮುಖ್ಯವಾಗಿ ಅವನಿಗೆ ಮತ್ತು ಅವನ ಮನೆಯವರಿಗೆ.

ಮೊದಲು ಗ್ಯಾಸು ಹುಟ್ಟುವ ಬಗೆ ತಿಳಿಯೋಣ. ಗಂಧಕ ಇರುವ ಸಾವಯವ ವಸ್ತು ಗಾಳಿ ಇಲ್ಲದ ಕಡೆ ಕೊಳೆತರೆ ಈ ಗ್ಯಾಸು ಹುಟ್ಟುತ್ತದೆ. ಗಾಳಿ ಬೇಡದ ಕೆಲವು ಸೂಕ್ಷ್ಮಜೀವಿಗಳಿವೆ. ನಾವು ಆಮ್ಲಜನಕ ಉಸಿರಾಡುವ ಹಾಗೆ ಅವು ನೀರಿನಲ್ಲಿರುವ ಸಲ್ಫೇಟನ್ನು ಬಳಸಿಕೊಂಡು ಎಚ್ ಟು ಎಸ್ ಅನ್ನು ಬಿಡುತ್ತವೆ. ಗಟಾರ, ಸೆಪ್ಟಿಕ್ ಟ್ಯಾಂಕು, ಹಳೇ ಭಾವಿಯ ಕೆಸರು, ಗೋಬರ್ ಗ್ಯಾಸಿನ ತೊಟ್ಟಿ, ಮೀನು ಮಾಂಸದ ತ್ಯಾಜ್ಯ, ಎಲ್ಲ ಕಡೆ ಇದೇ ಕಥೆ.

ಸಕ್ಕರೆಯಲ್ಲಿ ಗಂಧಕ ಎಲ್ಲಿಂದ ಬಂತು ಅಂತ ಕೇಳಬಹುದು. ಕಬ್ಬಿನ ಹಾಲು ಬೆಳ್ಳಗಾಗಲು ಕಾರ್ಖಾನೆಯಲ್ಲಿ ಗಂಧಕ ಸುಟ್ಟ ಹೊಗೆಯನ್ನು ಹಾಯಿಸುತ್ತಾರೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಲ್ಲಿ ಅದರ ಅಂಶ ಇರುತ್ತದೆ. ಕಾಕಂಬಿಯನ್ನು ಹುದುಗು ಹಾಕುವಾಗ ಗಂಧಕಾಮ್ಲವನ್ನು ಸೇರಿಸುವುದೂ ಉಂಟು. ಒಂದು ಲೀಟರ್ ಮದ್ಯಸಾರ ತೆಗೆದರೆ 8ರಿಂದ 15 ಲೀಟರ್‌ನಷ್ಟು ಕಂದು ಬಣ್ಣದ ಸ್ಪೆಂಟ್ ವಾಶ್ ಉಳಿಯುತ್ತದೆ. ಅದನ್ನು ಹಾಗೇ ಹಳ್ಳಕ್ಕೆ ಬಿಡುವಂತಿಲ್ಲ. ಆದ್ದರಿಂದ ಅನೇಕ ಕಡೆ ಅದನ್ನು ದೊಡ್ಡ ಮುಚ್ಚಿದ ಡೈಜೆಸ್ಟರಿನಲ್ಲಿ ಕೊಳೆಸಿ ಗ್ಯಾಸು ತೆಗೆದು, ಆ ಗ್ಯಾಸನ್ನು ಬಾಯ್ಲರಿಗೆ ಉರಿಸುತ್ತಾರೆ. ಒಳ್ಳೆಯ ಪದ್ಧತಿ. ಆ ಗ್ಯಾಸಿನಲ್ಲಿ ಹೆಚ್ಚಿನ ಪಾಲು ಮೀಥೇನ್, ಉಳಿದದ್ದು ಕಾರ್ಬನ್ ಡೈಆಕ್ಸೈಡ್, ಜೊತೆಗೆ ನೂರಕ್ಕೆ ಒಂದರಿಂದ ಐದರಷ್ಟು ಹೈಡ್ರೋಜನ್ ಸಲ್ಫೈಡ್. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಕಾರ್ಯಕ್ರಮ ಜೋರಾದ ಮೇಲೆ ಡಿಸ್ಟಿಲರಿಗಳು ಬೆಳೆದಿವೆ. ಕಬ್ಬು ಬೆಳೆಯುವ ರೈತನಿಗೆ ಅದರಿಂದ ಲಾಭ ಆಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನೂರಕ್ಕೆ ಒಂದು ಅಂದರೆ ಏನು ಮಹಾ ಅನ್ನಿಸುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ವಿಷದ ಗ್ಯಾಸನ್ನು ನೂರರ ಲೆಕ್ಕದಲ್ಲಿ ಅಳೆಯುವುದಿಲ್ಲ, ಹತ್ತು ಲಕ್ಷದ ಲೆಕ್ಕದಲ್ಲಿ ಅಳೆಯುತ್ತಾರೆ. ಅದಕ್ಕೆ ಪಿಪಿಎಂ ಎಂದು ಹೆಸರು. ಹತ್ತು ಲಕ್ಷ ಜೋಳದ ಕಾಳು ಅಂದರೆ ಸುಮಾರು ಮೂವತ್ತು ಕಿಲೋ, ಒಂದು ಸಣ್ಣ ಚೀಲ ಅಂದುಕೊಳ್ಳಿ. ಆ ಚೀಲದಲ್ಲಿ ಒಂದೇ ಒಂದು ಕಾಳು ಬೇರೆ ಬಣ್ಣದ್ದಿದ್ದರೆ ಅದು ಒಂದು ಪಿಪಿಎಂ. ನಮ್ಮ ಮೂಗು ಎಂಥ ಚುರುಕು ನೋಡಿ, ಒಂದು ಕಾಳಿಗಿಂತ ಎಷ್ಟೋ ಕಡಿಮೆ ಇದ್ದರೂ ಎಚ್ ಟು ಎಸ್ ವಾಸನೆಯನ್ನು ಹಿಡಿಯುತ್ತದೆ. ಕಾರ್ಖಾನೆಯಲ್ಲಿ ಎಂಟು ತಾಸು ಕೆಲಸ ಮಾಡುವ ಜಾಗದಲ್ಲಿ ನಮ್ಮ ಕಾನೂನು ಒಪ್ಪಿದ ಮಿತಿ 10 ಪಿಪಿಎಂ, ಅಂದರೆ ಹತ್ತು ಕಾಳು. ಐವತ್ತರಿಂದ ನೂರು ಕಾಳಾದರೆ ಕಣ್ಣು ಉರಿ, ಗಂಟಲು ಕೆರೆತ, ತಲೆನೋವು. ಐನೂರರ ಮೇಲೆ ಹೋದರೆ ಕೆಲವೇ ನಿಮಿಷದಲ್ಲಿ ತಲೆ ಸುತ್ತಿ ಬೀಳುತ್ತಾನೆ. ಸಾವಿರ ಕಾಳು, ಅಂದರೆ ಆ ಚೀಲದಲ್ಲಿ ಒಂದು ಸಣ್ಣ ಹಿಡಿ ಜೋಳ. ಅಷ್ಟಿದ್ದರೆ ಒಂದೆರಡು ಉಸಿರು ಸಾಕು, ನಿಂತ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ, ಕೂಗಲು ಕೂಡ ಆಗುವುದಿಲ್ಲ. ಈಗ ನೂರಕ್ಕೆ ಒಂದನ್ನು ಲೆಕ್ಕ ಹಾಕಿ: ಹತ್ತು ಸಾವಿರ ಕಾಳು.

ಒಳಗೆ ಹೋದ ಗ್ಯಾಸು ಏನು ಮಾಡುತ್ತದೆ? ಅದು ಉಸಿರುಗಟ್ಟಿಸಿ ಕೊಲ್ಲುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಎದೆಯ ತುಂಬ ಗಾಳಿ ಇದ್ದರೂ, ರಕ್ತದಲ್ಲಿ ಆಮ್ಲಜನಕ ಇದ್ದರೂ, ಜೀವಕೋಶಕ್ಕೆ ಅದನ್ನು ಬಳಸಿಕೊಳ್ಳಲು ಆಗದಂತೆ ಇದು ತಡೆಯುತ್ತದೆ. ಸಯನೈಡ್ ಕೂಡ ಇದೇ ಜಾಗದಲ್ಲಿ ಹೊಡೆಯುತ್ತದೆ. ಒಲೆಯಲ್ಲಿ ಕಟ್ಟಿಗೆ ಇದೆ, ಊದಲು ಗಾಳಿಯೂ ಇದೆ, ಆದರೆ ಬೆಂಕಿ ಹತ್ತಬೇಕಾದ ಜಾಗಕ್ಕೇ ನೀರು ಹೊಯ್ದ ಹಾಗೆ. ಮೆದುಳು ಮೊದಲು ನಿಲ್ಲುತ್ತದೆ, ಆಮೇಲೆ ಉಸಿರು.

ಈ ಗ್ಯಾಸಿನಲ್ಲಿ ಮೂರು ಮೋಸಗಳಿವೆ. ಮೊದಲನೆಯದು ಮೂಗಿನ ಮೋಸ. ಸುಮಾರು ನೂರು ಪಿಪಿಎಂ ದಾಟಿದ ಮೇಲೆ ಕೆಲವೇ ನಿಮಿಷಗಳಲ್ಲಿ ವಾಸನೆ ಹಿಡಿಯುವ ನರ ಸೋತುಹೋಗುತ್ತದೆ. ಮೊದಲು ಗಬ್ಬು ನಾರುತ್ತಿತ್ತು, ಈಗ ಏನೂ ಇಲ್ಲ. ಕೆಲಸಗಾರ ಏನು ತಿಳಿಯುತ್ತಾನೆ? ಗ್ಯಾಸು ಹೋಯಿತು, ಇಳಿಯಬಹುದು ಅಂತ. ಹೋದದ್ದು ಗ್ಯಾಸಲ್ಲ, ಅವನ ಮೂಗು. ನಾನು ಹೊಸ ಹುಡುಗರಿಗೆ ಹೇಳುತ್ತಿದ್ದೆ, ನಾರುವಾಗ ಹೆದರಬೇಕು, ನಾರುವುದು ನಿಂತಾಗ ಓಡಬೇಕು ಅಂತ. ನಗುತ್ತಿದ್ದರು. ಆದರೆ ನೆನಪಿಟ್ಟುಕೊಳ್ಳುತ್ತಿದ್ದರು.

ಎರಡನೆಯದು ಕಂದೀಲಿನ ಮೋಸ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಮ್ಮ ಹಿರಿಯರ ಬುದ್ಧಿವಂತಿಕೆಯೂ ಇದೆ, ಅದರ ಮಿತಿಯೂ ಇದೆ. ಇಲ್ಲಿ ಕುಳಿತ ಹಿರಿಯರಿಗೆ ಹಗೇವು ಗೊತ್ತು. ಜೋಳ ತುಂಬಿ ಮುಚ್ಚಿದ ನೆಲದೊಳಗಿನ ಕಣಜ. ವರ್ಷದ ಮೇಲೆ ಅದರ ಬಾಯಿ ತೆಗೆದಾಗ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಪದವಿ ಪಡೆಯದ ಜನ ಮಾಡಿದ ಈ ಪರೀಕ್ಷೆ ನೂರಕ್ಕೆ ನೂರು ವಿಜ್ಞಾನ. ಕಾಳು ಕೂಡ ಉಸಿರಾಡುತ್ತದೆ, ಆಮ್ಲಜನಕ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆಮ್ಲಜನಕ ಇಲ್ಲದ ಕಡೆ ದೀಪವೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ.

ಆದರೆ ಅದೇ ಕಂದೀಲನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಬಿಟ್ಟರೆ ಏನಾಗುತ್ತದೆ? ಒಳಗೆ ಸಾವಿರ ಪಿಪಿಎಂ ಹೈಡ್ರೋಜನ್ ಸಲ್ಫೈಡ್ ಇದ್ದರೂ ಆಮ್ಲಜನಕ ಬೇಕಾದಷ್ಟು ಇರಬಹುದು. ದೀಪ ಚೆನ್ನಾಗಿ ಉರಿಯುತ್ತದೆ. ಉರಿಯುವ ದೀಪ ನೋಡಿ ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ. ಇದು ಒಂದು ಸಾಧ್ಯತೆ. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಈ ಗ್ಯಾಸು ಸ್ವತಃ ಉರಿಯುವ ಗ್ಯಾಸು. ಗಾಳಿಯಲ್ಲಿ ನೂರಕ್ಕೆ ಸುಮಾರು 4ರಿಂದ 45ರ ತನಕ ಎಷ್ಟಿದ್ದರೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಅಡುಗೆಯ ಗ್ಯಾಸಿಗೆ ಈ ವ್ಯಾಪ್ತಿ ಸುಮಾರು 2ರಿಂದ 10, ಮೀಥೇನಿಗೆ 5ರಿಂದ 15. ಅಷ್ಟು ಅಗಲ ಇದರ ಬಾಯಿ. ಸುಮಾರು 260 ಡಿಗ್ರಿ ಬಿಸಿ ಸಿಕ್ಕರೆ ಕಿಡಿಯೂ ಬೇಡ. ಕಾದ ಡೀಸೆಲ್ ಇಂಜಿನ್ನಿನ ಸೈಲೆನ್ಸರು ಸಾಕಾಗುತ್ತದೆ. ಗುಂಡಿಯಲ್ಲಿ ಇದು ಒಂಟಿಯಾಗಿ ಇರುವುದಿಲ್ಲ, ಮೀಥೇನ್ ಜೊತೆಗೇ ಇರುತ್ತದೆ. ಅಂಥ ಕಡೆ ಕಂದೀಲು ಇಳಿಸುವುದು, ಕಡ್ಡಿ ಗೀರಿ ನೋಡುವುದು, ಬಾಯಲ್ಲಿ ಬೀಡಿ ಇಟ್ಟುಕೊಂಡು ಮುಚ್ಚಳ ಎತ್ತುವುದು, ಎಲ್ಲ ಒಂದೇ. ಉರಿದ ಮೇಲೆ ಹುಟ್ಟುವ ಸಲ್ಫರ್ ಡೈಆಕ್ಸೈಡ್ ಕೂಡ ಎದೆ ಸುಡುವ ವಿಷವೇ.

ಒಂದೇ ಡಿಸ್ಟಿಲರಿಯ ಕಾಂಪೌಂಡಿನಲ್ಲಿ ಎರಡೂ ಬಗೆಯ ಟ್ಯಾಂಕು ಇರುತ್ತವೆ ಅನ್ನುವುದು ಕುತೂಹಲದ ವಿಷಯ. ಕಾಕಂಬಿ ಹುದುಗುವ ತೊಟ್ಟಿಯಲ್ಲಿರುವುದು ಕಾರ್ಬನ್ ಡೈಆಕ್ಸೈಡ್, ಹಗೇವಿನ ಗ್ಯಾಸು. ನೂರು ಹೆಜ್ಜೆ ಆಚೆ ಡೈಜೆಸ್ಟರಿನಲ್ಲಿರುವುದು ಈ ಗ್ಯಾಸು. ಅಲ್ಲಿ ಕಲಿತ ಪಾಠ ಇಲ್ಲಿ ನಡೆಯುವುದಿಲ್ಲ. ನಮ್ಮ ಪಕ್ಕದ ಮುಧೋಳ ತಾಲ್ಲೂಕಿನ ಕುಳಲಿ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ 2018ರ ಡಿಸೆಂಬರ್ 16ರಂದು ಡಿಸ್ಟಿಲರಿಯ ತ್ಯಾಜ್ಯ ಶುದ್ಧೀಕರಣ ಘಟಕ ಸ್ಫೋಟಿಸಿ ನಾಲ್ವರು ತೀರಿಕೊಂಡದ್ದು ನಿಮಗೆಲ್ಲ ನೆನಪಿರಬಹುದು. ಮೂಡಲಗಿಯಿಂದ ಅದು ದೂರವೇನಲ್ಲ.

ಕಬ್ಬಿಣದ ವಿಷಯವಾಗಿ ಒಂದು ಮಾತು ಹೇಳದಿದ್ದರೆ ವೆಲ್ಡಿಂಗ್ ಮಾಡುವ ಗೆಳೆಯರಿಗೆ ಅನ್ಯಾಯವಾಗುತ್ತದೆ. ಈ ಗ್ಯಾಸು ಕಬ್ಬಿಣದ ಟ್ಯಾಂಕಿನ ಒಳಮೈಗೆ ತಗುಲಿ ಕರಿ ಪುಡಿಯಾಗುತ್ತದೆ, ಅದು ಐರನ್ ಸಲ್ಫೈಡ್. ಟ್ಯಾಂಕು ಖಾಲಿ ಮಾಡಿ ಬಾಯಿ ತೆಗೆದಾಗ, ಆ ಪುಡಿ ಒಣಗಿ ಗಾಳಿ ತಾಗಿದರೆ ತಾನಾಗಿಯೇ ಕಾದು ಕೆಂಪಗಾಗಬಹುದು. ಯಾರೂ ಕಡ್ಡಿ ಗೀರದೆ ಬೆಂಕಿ. ಅದಕ್ಕೇ ಅಂಥ ಟ್ಯಾಂಕಿನ ಒಳಮೈಯನ್ನು ನೀರು ಹಾಯಿಸಿ ತೋಯಿಸಿಯೇ ಇಡಬೇಕು. ಈ ಗ್ಯಾಸಿಗೆ ಲೋಹದ ಮೇಲೆ ವಿಚಿತ್ರ ಮೋಹ. ಶುದ್ಧೀಕರಣ ಘಟಕದ ಹತ್ತಿರ ಕೆಲಸ ಮಾಡುವವರ ಬೆಳ್ಳಿ ಉಂಗುರ ಕಪ್ಪಾಗುತ್ತದೆ, ಬೆಳ್ಳಿಯ ಉಡದಾರ ಕಪ್ಪಾಗುತ್ತದೆ, ಪ್ಯಾನೆಲ್ ಬೋರ್ಡಿನ ತಾಮ್ರದ ತಂತಿ ಕಪ್ಪಾಗುತ್ತದೆ. ನಮ್ಮಲ್ಲಿ ಒಬ್ಬರು ಮಾಟ ಮಾಡಿಸಿದ್ದಾರೆ ಅಂತ ಉಂಗುರ ಬಿಚ್ಚಿ ಹೊಳೆಗೆ ಎಸೆದಿದ್ದರು. ಮಾಟ ಅಲ್ಲ, ಸಿಲ್ವರ್ ಸಲ್ಫೈಡ್. ಉಂಗುರ ಅವರಿಗೆ ಪುಕ್ಕಟೆಯಾಗಿ ಎಚ್ಚರಿಕೆ ಕೊಡುತ್ತಿತ್ತು. ಮಕ್ಕಳೇ, ನಿಮ್ಮ ಪ್ರಯೋಗಾಲಯದಲ್ಲಿ ಸೀಸದ ಅಸಿಟೇಟ್ ದ್ರಾವಣದಲ್ಲಿ ಅದ್ದಿದ ಕಾಗದ ಈ ಗ್ಯಾಸಿಗೆ ಕಪ್ಪಾಗುವುದೂ ಇದೇ ಜಾತಿಯ ಕ್ರಿಯೆ. ಗುರುಗಳು ಎದುರಿಗೆ ಇಲ್ಲದೆ ಮಾಡಬೇಡಿ.

ಇದೇನು ಹೊಸ ಸಂಗತಿಯಲ್ಲ. ಇಟಲಿಯ ಮೊಡೆನಾ ಊರಿನ ವೈದ್ಯ ರಮಾಜ್ಜಿನಿ 1700ರಲ್ಲಿ ಕೆಲಸಗಾರರ ರೋಗಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಅದಕ್ಕೆ ಪ್ರೇರಣೆ ಆತನ ಸ್ವಂತ ಮನೆಯ ಪಾಯಖಾನೆಯ ಗುಂಡಿ ತೆಗೆಯಲು ಬಂದ ಒಬ್ಬ ಕೂಲಿ. ಅವಸರ ಅವಸರವಾಗಿ ಏಕೆ ಕೆಲಸ ಮಾಡುತ್ತೀ ಅಂತ ಕೇಳಿದರೆ, ಹೆಚ್ಚು ಹೊತ್ತು ಒಳಗಿದ್ದರೆ ಕಣ್ಣು ಹೋಗುತ್ತದೆ ಅಂದನಂತೆ ಆತ. ಆ ಉರಿಗೆ ಈ ಗ್ಯಾಸೇ ಕಾರಣ. ಸ್ವೀಡನ್ನಿನ ಷೀಲೆ ಎಂಬ ರಸಾಯನಶಾಸ್ತ್ರಜ್ಞ ಈ ಗ್ಯಾಸಿನ ಘಟಕಗಳನ್ನು ವಿವರಿಸಿದ್ದು ಮುಂದೆ 1777ರಲ್ಲಿ. ಅಂದರೆ ವಿಜ್ಞಾನಿಗಿಂತ ಮೊದಲು ಗುಂಡಿಗೆ ಇಳಿದವನಿಗೆ ಗೊತ್ತಿತ್ತು, ಮತ್ತು ಇಳಿಸಿದವರು ಅವನನ್ನು ಕೇಳಿರಲಿಲ್ಲ.

ಗ್ಯಾಸಿನ ತೂಕದ ಬಗ್ಗೆಯೂ ತಿಳಿದಿರಲಿ. ಗಾಳಿಗಿಂತ ಇದು ಸುಮಾರು 1.2 ಪಟ್ಟು ಭಾರ. ತಗ್ಗಿಗೆ ಇಳಿಯುತ್ತದೆ, ಅಲ್ಲೇ ಕುಳಿತುಕೊಳ್ಳುತ್ತದೆ. ಮೇಲೆ ನಿಂತವನಿಗೆ ಏನೂ ಆಗುವುದಿಲ್ಲ, ಬಗ್ಗಿದವನು ಬೀಳುತ್ತಾನೆ. ಚೀನಾದ ಕೈಶಿಯನ್ ಎಂಬಲ್ಲಿ 2003ರ ಡಿಸೆಂಬರ್ 23ರ ರಾತ್ರಿ ನೈಸರ್ಗಿಕ ಅನಿಲದ ಒಂದು ಕೊಳವೆಭಾವಿ ಸಿಡಿಯಿತು. ಆ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಬಹಳ ಇತ್ತು. ಗುಡ್ಡಗಳ ನಡುವಿನ ಹಳ್ಳಿಗಳಿಗೆ ಅದು ಹರಿದು 243 ಜನ ಸತ್ತರು, ಅರವತ್ತು ಸಾವಿರಕ್ಕೂ ಹೆಚ್ಚು ಜನ ಊರು ಬಿಡಬೇಕಾಯಿತು. ಕೊನೆಗೆ ಮರುದಿನ ಆ ಭಾವಿಯ ಬಾಯಿಗೆ ಬೆಂಕಿ ಹಚ್ಚಿ ಗ್ಯಾಸನ್ನು ಉರಿಸಿಬಿಟ್ಟರು. ಉರಿಯುವ ಗುಣ ಅಲ್ಲಿ ಉಪಕಾರಕ್ಕೆ ಬಂತು, ತಡವಾಗಿ.

ಇನ್ನೊಂದು ಗುಣ, ಇದು ನೀರಿನಲ್ಲಿ ಕರಗುತ್ತದೆ. ಕೆಸರಿನ ಗುಂಡಿ ಮೇಲ್ನೋಟಕ್ಕೆ ಶಾಂತ. ಮೀಟರು ಹಿಡಿದರೂ ಕಡಿಮೆ ತೋರಿಸಬಹುದು. ಒಳಗೆ ಇಳಿದು ಕಾಲಿಟ್ಟು ಕಲಕಿದ ಕೂಡಲೇ ಗೋಲಿ ಸೋಡಾ ಅಲುಗಾಡಿಸಿ ಒಡೆದ ಹಾಗೆ ಗ್ಯಾಸು ಒಮ್ಮೆಲೇ ಏಳುತ್ತದೆ. ಮುಚ್ಚಳ ತೆಗೆದು ಒಂದು ರಾತ್ರಿ ಬಿಟ್ಟಿದ್ದೇವೆ, ಇನ್ನೇನು ಭಯ ಅನ್ನುವವರಿಗೆ ಈ ಮಾತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಮತ್ತು ಮಾರ್ಕಂಡೇಯ ಉಕ್ಕಿ ಗೋಕಾಕ ಮುಳುಗಿತಲ್ಲ, ಅಂಥ ನೆರೆ ಇಳಿದ ಮೇಲೆ ಭಾವಿ, ಗುಂಡಿ, ಟ್ಯಾಂಕುಗಳಲ್ಲಿ ತುಂಬಿಕೊಳ್ಳುವ ರಾಡಿ ಇದೇ ಬಗೆಯದು. ಮಳೆಗಾಲದ ನಂತರ ಭಾವಿ ಸ್ವಚ್ಛ ಮಾಡುವ ರೈತರು ಗಮನಿಸಬೇಕು. ಭಾವಿಯೊಳಗೆ ಡೀಸೆಲ್ ಪಂಪ್ ಇಳಿಸಿ ನೀರು ತೆಗೆಯುವುದಂತೂ ಇನ್ನೊಂದು ವಿಷವನ್ನು, ಕಾರ್ಬನ್ ಮೊನಾಕ್ಸೈಡನ್ನು, ನಾವೇ ಒಳಗೆ ತುಂಬಿದ ಹಾಗೆ.

ಮೂರನೆಯ ಮೋಸಕ್ಕೆ ಬರುತ್ತೇನೆ. ಇದು ಗ್ಯಾಸಿನ ಮೋಸ ಅನ್ನುವುದಕ್ಕಿಂತ ನಮ್ಮ ಒಳ್ಳೆಯ ಮನಸ್ಸಿನ ಮೋಸ. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜಪೆ ಹತ್ತಿರದ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ ಮೀನಿನ ತ್ಯಾಜ್ಯದ ತೊಟ್ಟಿಗೆ ಒಬ್ಬ ಕೆಲಸಗಾರ ಬಿದ್ದ. ಅವನನ್ನು ಎತ್ತಲು ಜೊತೆಯವರು ಒಬ್ಬರ ಹಿಂದೆ ಒಬ್ಬರು ಇಳಿದರು. ಐದು ಜನ ಸತ್ತರು, ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಹುಡುಗರು. 2018ರ ಜನವರಿಯಲ್ಲಿ ಬೆಂಗಳೂರಿನ ಎಚ್.ಎಸ್.ಆರ್. ಬಡಾವಣೆ ಕಡೆ ಒಂದು ಅಪಾರ್ಟ್‌ಮೆಂಟಿನ ಕೊಳಚೆ ನೀರಿನ ಘಟಕದಲ್ಲಿ ಮೂವರು. ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗ ಸಂಖ್ಯೆಯನ್ನು ಗಮನಿಸಿ. ಒಬ್ಬ ಸತ್ತ ಅಂತ ಬರುವುದು ಕಡಿಮೆ. ಇಬ್ಬರು, ಮೂವರು, ಅಣ್ಣ ತಮ್ಮ, ತಂದೆ ಮಗ ಅಂತ ಬರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1986ರಲ್ಲೇ ಹೇಳಿತ್ತು: ಇಕ್ಕಟ್ಟಾದ ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಜನ ಬೇರೆಯವರನ್ನು ಉಳಿಸಲು ಇಳಿದವರು.

ನಮ್ಮ ಹಳ್ಳಿಯ ಜನರ ಗುಣ ನನಗೆ ಗೊತ್ತು. ಭಾವಿಗೆ ಬಿದ್ದವನನ್ನು ನೋಡುತ್ತ ನಿಲ್ಲುವುದು ನಮ್ಮ ರಕ್ತದಲ್ಲಿ ಇಲ್ಲ. ನೀರಿನಲ್ಲಿ ಮುಳುಗುವವನನ್ನು ಈಜು ಬಲ್ಲವನು ಉಳಿಸಬಹುದು. ಈ ಗ್ಯಾಸಿನಲ್ಲಿ ಈಜು ಬಲ್ಲವರು ಯಾರೂ ಇಲ್ಲ. ಗಟ್ಟಿ ಮೈಯವನಿಗೆ ಒಂದು ಉಸಿರು ಹೆಚ್ಚು ಬೇಕಾಗಬಹುದು, ಅಷ್ಟೇ. ಉಸಿರು ಬಿಗಿಹಿಡಿದು ಇಳಿಯುತ್ತೇನೆ ಅಂದವನು ಎಂಬತ್ತು ಕಿಲೋ ದೇಹವನ್ನು ಎತ್ತುವಾಗ ಉಸಿರು ಬಿಡಲೇಬೇಕು. ಒದ್ದೆ ಟವೆಲ್ಲು ಮೂಗಿಗೆ ಕಟ್ಟಿದರೆ ಪ್ರಯೋಜನ ಇಲ್ಲ. ಔಷಧಿ ಅಂಗಡಿಯ ಮಾಸ್ಕಿನಿಂದಲೂ ಇಲ್ಲ. ಬೆನ್ನಿಗೆ ಸ್ವಂತ ಗಾಳಿಯ ಸಿಲಿಂಡರು ಹೊತ್ತ ತರಬೇತಾದ ಅಗ್ನಿಶಾಮಕ ದಳದವರು ಮಾತ್ರ ಇಳಿಯಬಹುದು.

ಹಾಗಾದರೆ ಮೇಲೆ ನಿಂತವನು ಮಾಡಬೇಕಾದದ್ದು ಏನು? ಕೂಗಿ ಜನ ಸೇರಿಸಬೇಕು, ಆದರೆ ಗುಂಡಿಯ ಬಾಯಿಂದ ದೂರ, ಗಾಳಿ ಬೀಸುವ ಕಡೆ ಬೆನ್ನು ಮಾಡಿ. ಯಾರೂ ಬೀಡಿ ಹಚ್ಚದ ಹಾಗೆ ನೋಡಬೇಕು. 112ಕ್ಕೆ ಫೋನ್ ಮಾಡಿ ಗುಂಡಿಯಲ್ಲಿ ಗ್ಯಾಸಿಗೆ ಬಿದ್ದಿದ್ದಾರೆ ಎಂದೇ ಸ್ಪಷ್ಟವಾಗಿ ಹೇಳಬೇಕು, ಆಗ ಬರುವವರು ಉಪಕರಣ ತರುತ್ತಾರೆ. ಕಂಪ್ರೆಸರು ಅಥವಾ ಬ್ಲೋವರು ಇದ್ದರೆ ಅದರ ಮೋಟರನ್ನು ದೂರ ಇಟ್ಟು ಪೈಪಿನಿಂದ ಶುದ್ಧ ಗಾಳಿಯನ್ನು ತಳಕ್ಕೆ ಬಿಡಬಹುದು. ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರನ್ನು ಒಳಗೆ ಬಿಡಬಾರದು, ಬೆಂಕಿಗೆ ಅದು ತುಪ್ಪ ಹೊಯ್ದ ಹಾಗೆ. ಒಳಗಿದ್ದವನ ಸೊಂಟಕ್ಕೆ ಮೊದಲೇ ಬೆಲ್ಟು, ಹಗ್ಗ ಕಟ್ಟಿದ್ದರೆ ಇಬ್ಬರು ಎಳೆದು ತೆಗೆಯಬಹುದು. ಕಟ್ಟಿರದಿದ್ದರೆ ಕಾಯಬೇಕು. ಈ ಕಾಯುವ ಮಾತು ಹೇಳಲು ನನಗೂ ಕಷ್ಟ, ಕೇಳಲು ನಿಮಗೂ ಕಷ್ಟ. ಮೇಲೆ ತಂದವನನ್ನು ತೆರೆದ ಗಾಳಿಗೆ ಒಯ್ದು, ಉಸಿರು ನಿಂತಿದ್ದರೆ ಎದೆ ಒತ್ತಬೇಕು. ಬಾಯಿಗೆ ಬಾಯಿ ಇಟ್ಟು ಊದಬೇಡಿ, ಆ ಕೆಲಸಕ್ಕೆ ಆಂಬುಲೆನ್ಸಿನವರ ಹತ್ತಿರ ಚೀಲ ಇರುತ್ತದೆ.

ಹಗ್ಗ ಮೊದಲೇ ಕಟ್ಟುವ ಮಾತು ನನ್ನದಲ್ಲ, ಕಾನೂನಿನದು. 1948ರ ಕಾರ್ಖಾನೆ ಕಾಯ್ದೆಯ 36ನೆಯ ಕಲಮಿನಲ್ಲೇ ಬರೆದಿದ್ದರು: ವಿಷದ ಗ್ಯಾಸು ಇರಬಹುದಾದ ಟ್ಯಾಂಕು, ಗುಂಡಿಗೆ ಯಾರನ್ನೂ ಇಳಿಸುವ ಮೊದಲು ಗ್ಯಾಸು ಹೊರಹಾಕಬೇಕು, ಬಲ್ಲವರು ಸ್ವತಃ ಪರೀಕ್ಷೆ ಮಾಡಿ ಬರಹದಲ್ಲಿ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಇಳಿಯುವವನು ಉಸಿರಾಟದ ಉಪಕರಣ ಧರಿಸಿ ಬೆಲ್ಟಿಗೆ ಹಗ್ಗ ಕಟ್ಟಿಕೊಂಡು, ಆ ಹಗ್ಗದ ತುದಿ ಹೊರಗಿನವನ ಕೈಯಲ್ಲಿರಬೇಕು. ಅದರ ಮುಂದಿನ 36ಎ ಕಲಮಿನಲ್ಲಿ ಒಳಗೆ ಒಯ್ಯುವ ದೀಪ 24 ವೋಲ್ಟ್ ಮೀರಬಾರದು ಅಂತ ಇತ್ತು. ಎಷ್ಟು ಸರಳ ಭಾಷೆ! ಗುತ್ತಿಗೆಯ ಹುಡುಗರಿಗೆ ನಾನು ಹೇಳುವುದು ಇಷ್ಟೇ, ಇಳಿ ಅಂದವರನ್ನು ಚೀಟಿ ಎಲ್ಲಿ, ಹಗ್ಗ ಹಿಡಿಯುವವರು ಯಾರು ಅಂತ ಎರಡು ಪ್ರಶ್ನೆ ಕೇಳಿ. ಉತ್ತರ ಬರದಿದ್ದರೆ ಇಳಿಯಬೇಡಿ. ಕೆಲಸ ಹೋಗಬಹುದು ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಅದಕ್ಕೇ ಈ ಪ್ರಶ್ನೆಯನ್ನು ಒಬ್ಬ ಕೇಳುವ ಬದಲು ಹತ್ತು ಜನ ಕೂಡಿ ಕೇಳಿದರೆ ಒಳ್ಳೆಯದು.

ಇಲ್ಲಿಯ ತನಕ ಕಾರ್ಖಾನೆಯ ಮಾತಾಯಿತು. ನಮ್ಮ ಮನೆಯ ಹಿತ್ತಲಿನ ಮಾತು ಉಳಿದಿದೆ. ಮನೆ ಮನೆಗೆ ಶೌಚಾಲಯ ಬಂತು, ಬಹಳ ಒಳ್ಳೆಯದಾಯಿತು. ಗುಂಡಿಗಳು ತುಂಬುವ ಕಾಲವೂ ಬಂತು. ತುಂಬಿದಾಗ ನಾವು ಯಾರನ್ನು ಕರೆಯುತ್ತೇವೆ? ಯಾವ ಓಣಿಯವನನ್ನು ಕರೆಯುತ್ತೇವೆ? ನಮ್ಮ ಮಗನನ್ನು ಆ ಗುಂಡಿಗೆ ಇಳಿಸುತ್ತೇವೆಯೇ? 2013ರ ಕಾಯ್ದೆಯ ಪ್ರಕಾರ ರಕ್ಷಣೆಯ ಉಪಕರಣವಿಲ್ಲದೆ ಯಾರನ್ನೇ ಆಗಲಿ ಸೆಪ್ಟಿಕ್ ಟ್ಯಾಂಕು, ಚರಂಡಿಗೆ ಇಳಿಸುವುದು ಶಿಕ್ಷಾರ್ಹ ಅಪರಾಧ. ಗುತ್ತಿಗೆದಾರನಿಗೆ ಮಾತ್ರ ಅಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರ ಮಾರ್ಚಿನಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆ 2014ರ ತೀರ್ಪಿಗೆ ಕಾರಣವಾದ ದಾವೆ ಹೂಡಿದ ಸಫಾಯಿ ಕರ್ಮಚಾರಿ ಆಂದೋಲನದ ಮುಂದಾಳು ಬೆಜವಾಡ ವಿಲ್ಸನ್ ನಮ್ಮ ಕರ್ನಾಟಕದವರೇ, ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದವರು, 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದವರು. ಪರಿಹಾರದ ಮೊತ್ತ ಏರಿದ್ದು ಸರಿ. ಅದನ್ನು ಯಾರೂ ಪಡೆಯುವ ಪ್ರಸಂಗ ನಮ್ಮ ಊರಿನಲ್ಲಿ ಬರಬಾರದು. ಹೀರುವ ಯಂತ್ರದ ಟ್ಯಾಂಕರನ್ನು ಕರೆಸಿ, ಎರಡು ದಿನ ತಡವಾದರೂ ಚಿಂತೆಯಿಲ್ಲ.

ಗೋಬರ್ ಗ್ಯಾಸಿನ ಹಳೆಯ ತೊಟ್ಟಿಗಳ ಬಗ್ಗೆ ತಾಯಂದಿರಿಗೆ ಒಂದು ಮಾತು. ಸಗಣಿಯ ಗ್ಯಾಸಿನಲ್ಲಿ ಎಚ್ ಟು ಎಸ್ ಡಿಸ್ಟಿಲರಿಯಷ್ಟು ಇರುವುದಿಲ್ಲ. ಒಲೆ ಹಚ್ಚಲು ಭಯ ಬೇಡ. ಆದರೆ ಕೆಲಸ ನಿಲ್ಲಿಸಿದ ತೊಟ್ಟಿಯ ತಳದ ಗಟ್ಟಿ ತೆಗೆಯಲು ಮನೆಯ ಗಂಡಸರು ಒಳಗೆ ಇಳಿಯುತ್ತೇವೆ ಅಂದರೆ ತಡೆಯಿರಿ. ಮಕ್ಕಳ ಚೆಂಡು ಅಂಥ ಗುಂಡಿಗೆ ಬಿದ್ದರೆ ಬಿಟ್ಟುಬಿಡಿ, ಹೊಸ ಚೆಂಡು ಕೊಡಿಸಿ.

ಕೊನೆಗೆ ಒಂದು ಕೋರಿಕೆ. ಹಳೆಯ ವಿದ್ಯಾರ್ಥಿಗಳ ಸಂಘದಿಂದ ಶಾಲೆಗೆ ಏನು ಕೊಡಬೇಕೆಂದು ನಿನ್ನೆಯಿಂದ ಚರ್ಚೆ ನಡೆದಿದೆ. ಕಮಾನು ಆಗಲಿ, ರಂಗಮಂದಿರ ಆಗಲಿ, ನನ್ನ ವಿರೋಧವಿಲ್ಲ. ಅದರ ಜೊತೆಗೆ ಗ್ಯಾಸು ಅಳೆಯುವ ಒಂದು ಸಣ್ಣ ಮೀಟರು ಕೊಳ್ಳೋಣ. ಆಮ್ಲಜನಕ, ಉರಿಯುವ ಗ್ಯಾಸು, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್, ನಾಲ್ಕನ್ನೂ ಒಟ್ಟಿಗೆ ತೋರಿಸುತ್ತದೆ, ಕೈಯಲ್ಲಿ ಹಿಡಿಯುವಷ್ಟೇ ಗಾತ್ರ, ಒಂದು ಒಳ್ಳೆಯ ಮೊಬೈಲ್ ಫೋನಿನ ಬೆಲೆಯ ಆಸುಪಾಸು. ಜೊತೆಗೆ ಒಂದು ಬೆಲ್ಟು, ಗಟ್ಟಿ ಹಗ್ಗ, ಮೂರು ಕಾಲಿನ ರಾಟೆ. ಭಾವಿ ಸ್ವಚ್ಛ ಮಾಡುವವರು ಪಂಚಾಯತಿಯಿಂದ ಸಹಿ ಮಾಡಿ ಒಯ್ದು ಮರಳಿಸಲಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ವಿಜ್ಞಾನದ ಗುರುಗಳು ಅದನ್ನೇ ತೋರಿಸಿ ಪಾಠ ಮಾಡಲಿ.

ಆದರೆ ಮೀಟರು ಕೊಂಡು ಕಪಾಟಿನಲ್ಲಿ ಇಟ್ಟರೆ ಆಗುವುದಿಲ್ಲ. ಅದರ ಸೆನ್ಸರು ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ, ಆಗಾಗ ಕ್ಯಾಲಿಬ್ರೇಷನ್ ಮಾಡಿಸಬೇಕು, ಬ್ಯಾಟರಿ ಚಾರ್ಜು ಇರಬೇಕು. ಸುಳ್ಳು ಹೇಳುವ ಮೀಟರು ಮೂಗಿಗಿಂತ ಅಪಾಯ. ಆದ್ದರಿಂದ ಕೊಳ್ಳುವ ಹಣಕ್ಕಿಂತ ಅದನ್ನು ನೋಡಿಕೊಳ್ಳುವ ಮನುಷ್ಯ ಯಾರು ಅನ್ನುವುದು ಮುಖ್ಯ. ಸಂಜೆ ನಾಲ್ಕಕ್ಕೆ ಸಂಘದ ಸಭೆ ಇದೆ. ವಿಜ್ಞಾನದ ಗುರುಗಳು, ಪಂಚಾಯತಿಯ ಇಬ್ಬರು, ಕಾರ್ಖಾನೆಯಲ್ಲಿ ಈಗ ಕೆಲಸದಲ್ಲಿರುವ ನಮ್ಮ ಹುಡುಗರು ದಯವಿಟ್ಟು ಬನ್ನಿ. ಮೊದಲ ಎರಡು ವರ್ಷದ ಕ್ಯಾಲಿಬ್ರೇಷನ್ ಖರ್ಚು ನಾನು ಕೊಡುತ್ತೇನೆ, ಮೂರನೆಯ ವರ್ಷದ್ದು ಯಾರು ಅಂತ ಅಲ್ಲಿ ತೀರ್ಮಾನ ಮಾಡೋಣ.